ಮರೆವಿನ ನಿದಾನ: ಶಿಕಾರಿಪುರ–ಸೊರಬ ಸೀಮೆಯ ಒಂದು ವೃತ್ತಾಂತ

ಬಳ್ಳಿಗಾವೆಯು ಬನವಾಸಿ ನಾಡಿಗೆ ರಾಜಧಾನಿಯಾಗಿ ಮೆರೆಯುತ್ತಿದ್ದ ಕಾಲದಲ್ಲಿ, ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ ಕಾಳಾಮುಖ ಶೈವಯತಿಗಳ ಕೋಡಿಯ ಮಠವೆಂಬ ವಿದ್ಯಾಸ್ಥಾನವೊಂದಿದ್ದಿತು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠದ ಕಾರ್ಯಕಲಾಪಗಳನ್ನು ಒಂದೊಂದಾಗಿ ಎಣಿಸುತ್ತ, ಅಲ್ಲಿ ವೇದಗಳ ಅಧ್ಯಯನವೂ ವ್ಯಾಕರಣ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳ ವ್ಯಾಖ್ಯಾನವೂ ನಡೆಯುತ್ತಿದ್ದುದನ್ನು ಹೇಳಿ, ಅಷ್ಟಕ್ಕೇ ನಿಲ್ಲದೆ, ದೀನರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನವು ದೊರೆಯುತ್ತಿತ್ತೆಂದೂ ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರವು ನಡೆಯುತ್ತಿತ್ತೆಂದೂ ತಿಳಿಸುತ್ತದೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಈ ಶಾಸನವು ಅಚ್ಚಾದ ಮೇಲೆ, ಇಂದಿನ ಶಿಕಾರಿಪುರ ತಾಲ್ಲೂಕಿನ ಒಂದು ಗ್ರಾಮದಲ್ಲಿ ಎಂಟುನೂರು ವರ್ಷಗಳಿಗೂ ಹಿಂದೆಯೇ ವಿದ್ಯಾಲಯವೂ ಛತ್ರವೂ ಆಸ್ಪತ್ರೆಯೂ ಒಂದೇ ಸೂರಿನ ಆಶ್ರಯದಲ್ಲಿದ್ದುವೆಂಬುದು ವಿದ್ವಾಂಸರೆಲ್ಲರಿಗೂ ವಿದಿತವಾಯಿತು. ಈ ಸೀಮೆಯ ವೈದ್ಯದ ಚರಿತ್ರೆಯನ್ನು ಬರೆಯುವವನಿಗೆ ಇದಕ್ಕಿಂತ ಪ್ರಾಚೀನವಾದ, ಇದಕ್ಕಿಂತ ಗೌರವಯುತವಾದ ಆರಂಭವು ಬೇಕಾಗಿಲ್ಲ.

ನಮ್ಮ ಪ್ರಾಚೀನ ವೈದ್ಯವು ರೋಗಿಯನ್ನು ಅರಿಯುವುದಕ್ಕೆ ಮೂರು ದ್ವಾರಗಳನ್ನು ಹೇಳಿದೆ: ದರ್ಶನ, ಸ್ಪರ್ಶನ, ಪ್ರಶ್ನ. ಕಣ್ಣಿನಿಂದ ನೋಡುವುದು, ಕೈಯಿಂದ ಮುಟ್ಟುವುದು, ಬಾಯಿಂದ ಕೇಳುವುದು. ಜ್ವರ, ವ್ರಣ, ಉದರವ್ಯಾಧಿಗಳಲ್ಲಿ ಮೂರೂ ಒಂದಕ್ಕೊಂದು ಒತ್ತಾಸೆಯಾಗಿ ನಡೆಯುವುವು. ಆದರೆ ವಾರ್ಧಕ್ಯದಲ್ಲಿ ಮನುಷ್ಯನ ಸ್ಮೃತಿಯನ್ನೂ ವಿವೇಕವನ್ನೂ ಮೆಲ್ಲಮೆಲ್ಲನೆ ಕರಗಿಸುವ ವ್ಯಾಧಿಯಲ್ಲಿ ಮೊದಲಿನ ಎರಡು ದ್ವಾರಗಳು ಬಹುಮಟ್ಟಿಗೆ ಮುಚ್ಚಿಕೊಂಡಿರುತ್ತವೆ; ಮುಖದಲ್ಲಿ ಕಾಂತಿಯಿದೆ, ನಾಡಿ ಸಮವಾಗಿ ಮಿಡಿಯುತ್ತಿದೆ, ಹಸಿವು ನಿದ್ರೆಗಳಿವೆ, ಆದರೂ ಒಡಲಿನೊಳಗೆ ಯಾವುದೋ ಒಂದು ತಂತು ಸಡಿಲುತ್ತಿದೆ. ಉಳಿಯುವುದು ಪ್ರಶ್ನವೊಂದೇ, ಅದಕ್ಕೂ ಉತ್ತರ ಕೊಡಬೇಕಾದವನು ರೋಗಿಯಲ್ಲ, ಅವನೊಡನೆ ಬಾಳುವವರು. ಅವರಾದರೋ ಅದನ್ನು ರೋಗವೆಂದೇ ಎಣಿಸಿರಲಿಲ್ಲ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯು ಎಲ್ಲ ವಿಚಾರಣೆಯನ್ನೂ ಮೊದಲೇ ಮುಗಿಸಿಬಿಟ್ಟಿತ್ತು. ತಾನೇ ನೆಟ್ಟ ಅಡಕೆ ತೋಟದಲ್ಲಿ ದಾರಿ ತಪ್ಪುವ ಯಜಮಾನ, ಉಂಡ ಕೈ ಒಣಗುವ ಮೊದಲೇ ಊಟ ಹಾಕಲಿಲ್ಲವೆಂದು ಅಳುವ ಅಜ್ಜಿ, ಐವತ್ತು ವರ್ಷಗಳ ಹಿಂದೆ ಬಿಟ್ಟುಬಂದ ತವರಿಗೆ ಹೊರಡುತ್ತೇನೆಂದು ಸಂಜೆಯಾದೊಡನೆ ಗಂಟುಮೂಟೆ ಕಟ್ಟುವ ತಾಯಿ, ಇಂಥವರನ್ನು ಮಲೆನಾಡಿನ ದೊಡ್ಡ ಮನೆಗಳು ತಮ್ಮ ಜನಬಲದಿಂದ ಹೇಗೋ ಸಂಭಾಳಿಸುತ್ತಿದ್ದುವು. ಒಬ್ಬರಲ್ಲದಿದ್ದರೆ ಒಬ್ಬರು ಕಣ್ಣಿಟ್ಟಿರುತ್ತಿದ್ದರು. ಆ ವಾತ್ಸಲ್ಯವು ನಿಜವಾದುದು; ಅದರ ಪಕ್ಕದಲ್ಲಿಯೇ ಮಾಟವೆಂದು, ಗಾಳಿಯೆಂದು, ಹಟವೆಂದು ಮುದುಕರನ್ನು ಗದರಿ ಕೋಣೆಯಲ್ಲಿ ಕೂಡಿಟ್ಟುದೂ ಅಷ್ಟೇ ನಿಜವಾದುದು.

ಈ ಸೀಮೆಯ ಒಂದು ವ್ಯಾಧಿಯು ಲೋಕದ ವೈದ್ಯಗ್ರಂಥಗಳಲ್ಲಿ ಹೆಸರು ಪಡೆದ ಪ್ರಸಂಗವನ್ನು ಇಲ್ಲಿ ನೆನೆಯದಿರಲಾಗದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತುಬೀಳತೊಡಗಿ, ಕಾಡಂಚಿನ ಹಳ್ಳಿಗರು ತೀವ್ರವಾದ ಜ್ವರದಿಂದಲೂ ರಕ್ತಸ್ರಾವದಿಂದಲೂ ನರಳಿದಾಗ, ಇದು ಆಫ್ರಿಕದ ಹಳದಿ ಜ್ವರವೇ ಇರಬಹುದೆಂಬ ಭೀತಿಯು ಮೊದಲು ಹಬ್ಬಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಾಡನ್ನು ಹೊಕ್ಕು, ರೋಗಿಗಳ ಮತ್ತು ಮಂಗಗಳ ರಕ್ತವನ್ನೂ ಉಣ್ಣೆಗಳನ್ನೂ ಸಂಗ್ರಹಿಸಿ ಪರೀಕ್ಷಿಸಿ, ಇದು ರಷ್ಯಾದೇಶದ ಮೆದುಳುಜ್ವರದ ವೈರಸ್ಸಿಗೆ ಸಮೀಪಜ್ಞಾತಿಯಾದ ಹೊಸದೊಂದು ವೈರಸ್ಸಿನ ಕೃತ್ಯವೆಂದೂ ಉಣ್ಣೆಗಳು ಅದರ ವಾಹಕಗಳೆಂದೂ ನಿರ್ಧರಿಸಿದರು. ಹಳ್ಳಿಗರ ಮಂಗನ ಕಾಯಿಲೆಯು ಕ್ಯಾಸನೂರು ಕಾಡಿನ ಕಾಯಿಲೆಯೆಂಬ ಹೆಸರಿನಿಂದ ಜಗತ್ಪ್ರಸಿದ್ಧವಾಯಿತು. ಅಂದು ನಡೆದುದೇನೆಂದರೆ, ಸೊರಬದ ರಕ್ತವು ಸೀಸೆಯಲ್ಲಿ ಪುಣೆಗೆ ಹೋಯಿತು, ರೋಗದ ಹೆಸರು ಹಿಂದಿರುಗಿ ಬಂದಿತು. ಮರೆವಿನ ವ್ಯಾಧಿಗೆ ಆ ಸೌಲಭ್ಯವಿರಲಿಲ್ಲ. ಬದುಕಿರುವವರ ಮೆದುಳನ್ನು ಸೀಸೆಯಲ್ಲಿ ಕಳುಹಿಸಲಾಗದಷ್ಟೆ. ಜರ್ಮನಿಯ ಆಲೋಯಿಸ್ ಆಲ್ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳನ್ನು ಪರೀಕ್ಷಿಸಿ ಅವಳ ಮಾತುಗಳನ್ನು ಎಚ್ಚರದಿಂದ ಬರೆದಿಟ್ಟಿದ್ದನು. ಆದರೆ ಅವಳ ಮೆದುಳಿನ ಪದರಗಳಲ್ಲಿ ಕಲೆಗಳನ್ನೂ ಗಂಟುಬಿದ್ದ ತಂತುಗಳನ್ನೂ ಕಂಡುದು ಅವಳು ತೀರಿಕೊಂಡ ಮೇಲೆ, 1906ರಲ್ಲಿ. ಅಲ್ಲಿಂದ ಮುಂದೆ ಬಹುದಶಕಗಳ ಕಾಲ ಈ ರೋಗದ ನಿಶ್ಚಿತವಾದ ನಿದಾನವು ಮರಣಾನಂತರದ ಸಂಗತಿಯಾಗಿಯೇ ಉಳಿಯಿತು.

ನಮ್ಮ ರಾಜ್ಯದಲ್ಲಿ ಮನಸ್ಸಿನ ಮತ್ತು ಮೆದುಳಿನ ರೋಗಗಳ ಚಿಕಿತ್ಸೆಯು ಬೆಂಗಳೂರಿನ ಒಂದು ಸಂಸ್ಥೆಯ ಚರಿತ್ರೆಯೊಡನೆ ಹೆಣೆದುಕೊಂಡಿದೆ. 1847ರಲ್ಲಿ ಪೇಟೆಯ ಉನ್ಮತ್ತರ ಆಶ್ರಯವಾಗಿ ಹುಟ್ಟಿ, 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ತಾಳಿ, ಅದರೊಡನೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, 1974ರ ಡಿಸೆಂಬರಿನಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆದ ಆ ಸಂಸ್ಥೆಯನ್ನು ಮಲೆನಾಡಿನ ಹಳೆಯ ತಲೆಮಾರು ಹುಚ್ಚಾಸ್ಪತ್ರೆಯೆಂದೇ ಕರೆಯುತ್ತಿತ್ತು. ಮರೆವಿನ ಮುದುಕರನ್ನು ಅಲ್ಲಿಗೆ ಕರೆದೊಯ್ಯುವುದೆಂದರೆ ಮನೆತನಕ್ಕೆ ಮಸಿ ಬಳಿದಂತೆಂದು ಭಾವಿಸಿದವರು ಬಹುಮಂದಿ. ಕರೆದೊಯ್ದಿದ್ದರೂ ಆ ಕಾಲದ ವೈದ್ಯರು ಕಾಣಬಹುದಾಗಿದ್ದುದು ಎಷ್ಟು? 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷಕಿರಣವು ತಲೆಬುರುಡೆಯ ಎಲುಬನ್ನು ತೋರಿಸುವುದೇ ಹೊರತು ಅದರೊಳಗಿನ ಮೃದುವಾದ ಮೆದುಳನ್ನಲ್ಲ. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿಯು 1919ರಲ್ಲಿ, ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೂಜಿಯಿಂದ ಹೊರತೆಗೆದು ಆ ಸ್ಥಳದಲ್ಲಿ ಗಾಳಿಯನ್ನು ತುಂಬಿ, ಅದು ಮೆದುಳಿನ ಕುಹರಗಳಿಗೆ ಏರಿದಾಗ ಚಿತ್ರ ತೆಗೆಯುವ ಉಪಾಯವನ್ನು ಹೇಳಿದನು. ಪೋರ್ಚುಗಲ್ಲಿನ ಮೊನೀಜ್ 1927ರಲ್ಲಿ ಕಂಠದ ರಕ್ತನಾಳಕ್ಕೆ ಕ್ಷಕಿರಣವನ್ನು ತಡೆಯುವ ದ್ರವವನ್ನು ಚುಚ್ಚಿ ಮೆದುಳಿನ ನಾಳಗಳನ್ನು ಚಿತ್ರಿಸಿದನು. ಗಾಳಿ ತುಂಬಿಸಿಕೊಂಡ ರೋಗಿಯು ಸಹಿಸಲಾರದ ತಲೆಶೂಲೆಯಿಂದ, ವಾಂತಿಯಿಂದ ದಿನಗಟ್ಟಲೆ ಮಲಗಬೇಕಾಗುತ್ತಿತ್ತು. ಎಪ್ಪತ್ತೆಂಬತ್ತರ ಜೀರ್ಣಶರೀರಕ್ಕೆ, ಕೇವಲ ಮರೆವಿನ ಕಾರಣವನ್ನು ತಿಳಿಯುವುದಕ್ಕಾಗಿ ಇಂಥ ಯಾತನೆಯನ್ನು ವಿಧಿಸಲು ಮನಸ್ಸು ಮಾಡದ ವೈದ್ಯರು ದಯಾವಂತರೇ ಸರಿ.

ಈ ಕತ್ತಲೆಯನ್ನು ಭೇದಿಸಿದವನು ವೈದ್ಯನಲ್ಲ, ಇಂಗ್ಲೆಂಡಿನ ಇ.ಎಂ.ಐ. ಸಂಸ್ಥೆಯ ಯಂತ್ರಶಿಲ್ಪಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್. ಸೂಜಿಯಷ್ಟು ತೆಳ್ಳಗಿನ ಕ್ಷಕಿರಣವನ್ನು ತಲೆಯ ಒಂದು ಪಾರ್ಶ್ವದಿಂದ ಹಾಯಿಸಿ, ಇನ್ನೊಂದು ಪಾರ್ಶ್ವದಲ್ಲಿ ಅದೆಷ್ಟು ಕ್ಷೀಣವಾಗಿ ಹೊರಬಂದಿತೆಂಬುದನ್ನು 160 ಸ್ಥಾನಗಳಲ್ಲಿ ಅಳೆಯುವುದು. ಬಳಿಕ ಯಂತ್ರವನ್ನು ಒಂದು ಅಂಶ ತಿರುಗಿಸಿ ಮತ್ತೆ ಅಳೆಯುವುದು. ಹೀಗೆ 180 ಸಲ. ಒಟ್ಟು 28,800 ಅಳತೆಗಳನ್ನು ಗಣಕಯಂತ್ರಕ್ಕೆ ಉಣಿಸಿದರೆ, ಅದು ತಲೆಯ ಆ ಒಂದು ಪದರವನ್ನು 6,400 ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕದ ಸಾಂದ್ರತೆಯನ್ನು ಲೆಕ್ಕಹಾಕಿ, ಚಿತ್ರವನ್ನಾಗಿ ಬಿಡಿಸಿಕೊಡುವುದು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಜೇಮ್ಸ್ ಆಂಬ್ರೋಸ್ ಎಂಬ ವೈದ್ಯರ ಮೇಲ್ವಿಚಾರಣೆಯಲ್ಲಿ ಮೊತ್ತಮೊದಲನೆಯ ರೋಗಿಯ ಚಿತ್ರವು ಹೊರಬಂದಿತು. ಬದುಕಿರುವ ಮನುಷ್ಯನ ಮೆದುಳನ್ನು ನೋವಿಲ್ಲದೆ ಪದರ ಪದರವಾಗಿ ನೋಡುವುದು ಶಕ್ಯವಾಯಿತು. ಇದರ ಗಣಿತಮಾರ್ಗವನ್ನು ಸ್ವತಂತ್ರವಾಗಿ ಮೊದಲೇ ಕಂಡಿದ್ದ ಆಲನ್ ಕಾರ್ಮಾಕ್‌ನೊಡನೆ ಹೌನ್ಸ್‌ಫೀಲ್ಡ್‌ಗೆ 1979ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ನಗರಗಳಿಗೆ ಬಂದ ಈ ವಿದ್ಯೆಯು ಮಲೆನಾಡಿನ ಹಳ್ಳಿಗಳವರ ಕೈಗೆಟುಕಲು ತಡವಾಯಿತು. ಶಿಕಾರಿಪುರ, ಆನವಟ್ಟಿ, ಚಂದ್ರಗುತ್ತಿಗಳ ಕಡೆಯವರು ಘಟ್ಟವಿಳಿದು ಮಣಿಪಾಲಕ್ಕೆ ಹೋಗಿಯೋ, ದಾವಣಗೆರೆ ಹುಬ್ಬಳ್ಳಿಗಳಿಗೆ ಬಸ್ಸು ಹತ್ತಿಯೋ, ಶಿವಮೊಗ್ಗದಿಂದ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿಯೋ ಈ ಚಿತ್ರವನ್ನು ತೆಗೆಯಿಸಿಕೊಂಡು ಬರಬೇಕಾಗಿತ್ತು. ಈಗ ಶಿವಮೊಗ್ಗ ಪಟ್ಟಣದಲ್ಲಿಯೇ ಅದು ಆಗುತ್ತದೆ; ತಲೆ ಸ್ಕ್ಯಾನ್ ಮಾಡಿಸಿದಿರಾ ಎಂಬ ಪ್ರಶ್ನೆಯು ಮೆಗ್ಗಾನ್ ಆಸ್ಪತ್ರೆಯ ಆವರಣದಲ್ಲಿಯೂ ಸೊರಬದ ಬಸ್ ನಿಲ್ದಾಣದಲ್ಲಿಯೂ ಸಮಾನವಾಗಿ ಕೇಳಿಬರುತ್ತದೆ. ಈ ಸ್ಕ್ಯಾನಿನ ಪರಮೋಪಕಾರವು ಆಲ್ಝೈಮರನ ರೋಗವನ್ನು ತೋರಿಸುವುದರಲ್ಲಿಲ್ಲ, ಅದಲ್ಲದುದನ್ನು ತೋರಿಸುವುದರಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಲೆನಾಡಿನ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ವೃದ್ಧರು ಜಾರಿ ಬೀಳುವುದು ಸರ್ವಸಾಮಾನ್ಯ. ಜಾರದಿರಲೆಂದೇ ಅಡಕೆಯ ದಬ್ಬೆಗಳನ್ನೂ ಸೋಗೆಯನ್ನೂ ಹಾಸುವುದು. ಬಿದ್ದಾಗ ತಲೆಗೆ ತಗುಲಿದ ಸಣ್ಣ ಪೆಟ್ಟನ್ನು ಎಲ್ಲರೂ ಮರೆತ ಮೇಲೆ, ಮೂರು ನಾಲ್ಕು ವಾರಗಳು ಕಳೆದು, ಬುರುಡೆಗೂ ಮೆದುಳಿಗೂ ನಡುವೆ ರಕ್ತವು ಸ್ವಲ್ಪಸ್ವಲ್ಪವೇ ಒಸರಿ ಸಂಚಯವಾಗಿ ಮೆದುಳನ್ನು ಒತ್ತತೊಡಗುತ್ತದೆ. ಮುದುಕನು ಮಂಕಾಗುತ್ತಾನೆ, ಹೆಸರುಗಳನ್ನು ಮರೆಯುತ್ತಾನೆ, ಹಗಲೆಲ್ಲ ತೂಗಡಿಸುತ್ತಾನೆ. ಮನೆಯವರು ಅರಳುಮರಳೆನ್ನುತ್ತಾರೆ. ಚಿತ್ರದಲ್ಲಿಯಾದರೋ ಅದು ಅರ್ಧಚಂದ್ರಾಕಾರದ ಛಾಯೆಯಾಗಿ ಎದ್ದುಕಾಣುತ್ತದೆ. ಬುರುಡೆಯಲ್ಲಿ ಸಣ್ಣ ರಂಧ್ರವನ್ನು ಕೊರೆದು ಆ ರಕ್ತವನ್ನು ಹೊರಗೆ ಹರಿಯಿಸಿದರೆ ಎಷ್ಟೋ ಮಂದಿ ಮತ್ತೆ ಮೊದಲಿನಂತಾಗುತ್ತಾರೆ. ಕೊಲಂಬಿಯಾದ ಸಾಲೊಮನ್ ಹಕೀಮ್ ಎಂಬಾತನು ರೇಮಂಡ್ ಆಡಮ್ಸ್‌ನೊಡನೆ 1965ರಲ್ಲಿ ವರ್ಣಿಸಿದ ಇನ್ನೊಂದು ವ್ಯಾಧಿಯಲ್ಲಿ ಮೆದುಳಿನ ಕುಹರಗಳು ದ್ರವದಿಂದ ಉಬ್ಬಿ, ರೋಗಿಯು ನೆಲಕ್ಕೆ ಕಾಲು ಅಂಟಿದವನಂತೆ ನಡೆಯುತ್ತಾನೆ, ಮೂತ್ರದ ಹತೋಟಿ ತಪ್ಪುತ್ತದೆ, ಮರೆವು ಕವಿಯುತ್ತದೆ. ಅದಕ್ಕೂ ದ್ರವವನ್ನು ಹೊಟ್ಟೆಗೆ ಹರಿಯಿಸುವ ನಳಿಕೆಯ ಚಿಕಿತ್ಸೆಯಿದೆ. ಗಡ್ಡೆಗಳು, ಸದ್ದಿಲ್ಲದೆ ಆಗಿಹೋದ ಪಾರ್ಶ್ವವಾಯುವಿನ ಗುರುತುಗಳು, ಇವೆಲ್ಲವೂ ಅಲ್ಲಿ ಕಾಣುತ್ತವೆ. ಈ ದರ್ಶನವಿಲ್ಲದ ಕಾಲದಲ್ಲಿ ಗುಣವಾಗಬಹುದಾಗಿದ್ದ ಎಷ್ಟು ಜನ ಹಿರಿಯರು ಗಾದೆಯ ಮಾತಿಗೆ ಬಲಿಯಾದರೋ ಎಂದು ನೆನೆದರೆ ಹೃದಯವು ಭಾರವಾಗುತ್ತದೆ.

ಎಂ.ಆರ್.ಐ. ಬಂದುದು ಅನಂತರ. ಕ್ಷಕಿರಣವಿಲ್ಲದೆ, ಬಲವಾದ ಅಯಸ್ಕಾಂತದಿಂದಲೂ ರೇಡಿಯೋ ತರಂಗಗಳಿಂದಲೂ ದೇಹದೊಳಗಿನ ಜಲಜನಕದ ಪರಮಾಣುಗಳನ್ನು ಮಾತಾಡಿಸುವ ಈ ವಿದ್ಯೆಗೆ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ 2003ರಲ್ಲಿ ನೊಬೆಲ್ ಪಡೆದರು. ಕಿವಿಯ ಮೇಲ್ಗಡೆ ಮೆದುಳಿನ ಒಳಮಗ್ಗುಲಲ್ಲಿ ಅಡಗಿರುವ, ಹೊಸ ನೆನಪುಗಳನ್ನು ಬೇರೂರಿಸುವ ಹಿಪೊಕ್ಯಾಂಪಸ್ ಎಂಬ ಸಣ್ಣ ಅವಯವವು ಎಷ್ಟು ಕುಗ್ಗಿದೆಯೆಂಬುದು ಇದರಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ. ಅದನ್ನು ಸೊನ್ನೆಯಿಂದ ನಾಲ್ಕರವರೆಗೆ ಅಂಕವಿಟ್ಟು ಅಳೆಯುವ ಕ್ರಮವನ್ನು ನೆದರ್ಲೆಂಡ್ಸಿನ ಶೆಲ್ಟೆನ್ಸ್ 1992ರಲ್ಲಿ ಹೇಳಿಕೊಟ್ಟನು. ಆದರೆ ಆ ಯಂತ್ರದ ಬಾಯೊಳಗೆ ನಮ್ಮ ಸೀಮೆಯ ವೃದ್ಧೆಯೊಬ್ಬಳನ್ನು ಮಲಗಿಸುವುದು ಅಷ್ಟು ಸುಲಭವಲ್ಲ. ಲೋಹವೇನೂ ಮೈಮೇಲಿರಕೂಡದೆಂದು ಬಳೆ, ಮೂಗುತಿ, ಕಾಲುಂಗುರಗಳನ್ನು ತೆಗೆಯಿಸುತ್ತಾರೆ; ಮುತ್ತೈದೆಯಾದರೆ, ಮದುವೆಯಾದಂದಿನಿಂದ ಕೊರಳಿನಿಂದಿಳಿಯದ ತಾಳಿಯನ್ನೂ ತೆಗೆಯಬೇಕೆನ್ನುತ್ತಾರೆ. ಅರಿಶಿನದ ಕೊಂಬು ಕಟ್ಟಿದ ದಾರವನ್ನು ಅದರ ಬದಲಿಗೆ ಕಟ್ಟಿ ಸಮಾಧಾನ ಹೇಳಿದರೂ, ಹೇಳಿದ ಸಮಾಧಾನವು ಐದು ನಿಮಿಷದಲ್ಲಿ ಮರೆತುಹೋಗುವುದೇ ಈ ರೋಗದ ಸ್ವಭಾವವಾದುದರಿಂದ, ಗಡಗಡನೆ ಸದ್ದು ಮಾಡುವ ಇಕ್ಕಟ್ಟಾದ ಗುಹೆಯಲ್ಲಿ ತನ್ನನ್ನು ಏಕೆ ಮಲಗಿಸಿದರೆಂದು ತಿಳಿಯದೆ ಆಕೆ ಬೆದರಿ ಎದ್ದುಬಿಡುತ್ತಾಳೆ. ಕೈ ಹಿಡಿದು ಪಕ್ಕದಲ್ಲಿ ನಿಲ್ಲುವ ಮಗಳೋ ಸೊಸೆಯೋ ಇದ್ದರೆ ಚಿತ್ರವು ನಿರ್ವಿಘ್ನವಾಗಿ ಮುಗಿಯುವುದುಂಟು. ಇಲ್ಲವಾದರೆ ನಿದ್ರೆಯ ಔಷಧವನ್ನು ಕೊಡಬೇಕಾಗುತ್ತದೆ. ವಯಸ್ಸಿಗೆ ತಕ್ಕಂತೆ ಮೆದುಳು ಕುಗ್ಗಿದೆಯೆಂದು ಬರುವ ವರದಿಯನ್ನು ಮೆದುಳು ಒಣಗಿಹೋಗಿದೆಯಂತೆ ಎಂದು ಊರಿನಲ್ಲಿ ಅರ್ಥಮಾಡಿಕೊಳ್ಳುವವರಿದ್ದಾರೆ. ಅವರಿಗೆ ಆ ವರದಿಯ ತಾತ್ಪರ್ಯವನ್ನು ಕುಳ್ಳಿರಿಸಿಕೊಂಡು ಹೇಳುವುದೂ ಚಿಕಿತ್ಸೆಯ ಭಾಗವೇ.

ಇನ್ನೂ ಮುಂದಿನ ಮೆಟ್ಟಿಲು ಪೆಟ್ ಎಂಬ ಚಿತ್ರಣ. ಮೆದುಳಿನ ಯಾವ ಭಾಗವು ಸಕ್ಕರೆಯನ್ನು ಎಷ್ಟು ಬಳಸುತ್ತಿದೆಯೆಂಬುದನ್ನು ಇದು ತೋರಿಸುವುದು. ಆಲ್ಝೈಮರನ ರೋಗದಲ್ಲಿ ತಲೆಯ ಹಿಂಭಾಗದ ಎರಡು ಪಾರ್ಶ್ವಗಳು ಮಂಕಾಗುತ್ತವೆ, ನಡತೆಯೇ ಕೆಡುವ ಇನ್ನೊಂದು ಬಗೆಯ ವ್ಯಾಧಿಯಲ್ಲಿ ಮುಂಭಾಗವು ಮಂಕಾಗುತ್ತದೆ. ಅಂದು ಆಲ್ಝೈಮರ್ ಸೂಕ್ಷ್ಮದರ್ಶಕದಲ್ಲಿ ಕಂಡ ಕಲೆಗಳನ್ನು ಬದುಕಿರುವವರಲ್ಲಿಯೇ ಬೆಳಗಿಸಿ ತೋರುವ ದ್ರವ್ಯವನ್ನು ಅಮೆರಿಕದ ಪಿಟ್ಸ್‌ಬರ್ಗಿನ ವಿಜ್ಞಾನಿಗಳು ಸಿದ್ಧಪಡಿಸಲು, ಸ್ವೀಡನ್ನಿನ ಉಪ್ಸಲಾದಲ್ಲಿ 2002ರಲ್ಲಿ ಮೊದಲ ರೋಗಿಯ ಮೇಲೆ ಅದು ಪ್ರಯೋಗವಾಯಿತು. ಆದರೆ ಈ ಕಾರ್ಯಕ್ಕೆ ಸಾಮಾನ್ಯವಾಗಿ ಬಳಸುವ ವಿಕಿರಣಶೀಲ ಫ್ಲೋರೀನು 110 ನಿಮಿಷಗಳಿಗೊಮ್ಮೆ ತನ್ನ ಅರ್ಧವನ್ನು ಕಳೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ತಯಾರಾದುದನ್ನು ಶಿಕಾರಿಪುರಕ್ಕೆ ತರಹೊರಟರೆ, ಆರು ಗಂಟೆಗಳ ಹಾದಿ ಸವೆಯುವಷ್ಟರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಉಳಿದಿರುತ್ತದೆ. ಆದಕಾರಣ ದ್ರವ್ಯವು ರೋಗಿಯ ಬಳಿಗೆ ಬರುವಂತಿಲ್ಲ, ರೋಗಿಯೇ ದ್ರವ್ಯವಿದ್ದಲ್ಲಿಗೆ ಹೋಗಬೇಕು. ಮಲೆನಾಡಿನ ಬಡವನಿಗೆ ಈ ಚಿತ್ರವು ಇಂದಿಗೂ ದೂರದ ಮಾತು.

ಚಿತ್ರಗಳು ಇಷ್ಟೆಲ್ಲ ಬೆಳೆದರೂ ಪ್ರಶ್ನದ ಸ್ಥಾನವು ಕಿಂಚಿತ್ತೂ ಕುಗ್ಗಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಮೆದುಳು ಬಹಳ ಕುಗ್ಗಿದ್ದರೂ ಬುದ್ಧಿ ತಿಳಿಯಾಗಿರುವ ವೃದ್ಧರಿದ್ದಾರೆ. ಚಿತ್ರವು ನಿರ್ದುಷ್ಟವಾಗಿದ್ದರೂ ನೆನಪು ಕೈಕೊಟ್ಟವರಿದ್ದಾರೆ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡಿನ ಮಾಂದ್ಯ, ಮನಸ್ಸಿನ ಖಿನ್ನತೆ ಇವು ಮರೆವನ್ನು ತರಬಲ್ಲವಾದರೂ ಚಿತ್ರವು ಅವುಗಳನ್ನು ಸಾಮಾನ್ಯವಾಗಿ ತೋರಿಸಿಕೊಡದು. ಕೇಳುವ ರೀತಿಯಾದರೂ ಜನಕ್ಕೆ ತಕ್ಕಂತಿರಬೇಕು. ಶಾಲೆಯ ಮೆಟ್ಟಿಲು ಹತ್ತದ ಗದ್ದೆಯ ರೈತನಿಗೆ ನೂರರಿಂದ ಏಳನ್ನು ಕಳೆಯುತ್ತ ಹೋಗೆಂದರೆ, ಇಂಗ್ಲಿಷ್ ತಿಂಗಳಿನ ತಾರೀಖನ್ನು ಹೇಳೆಂದರೆ, ಆರೋಗ್ಯವಂತನಾಗಿದ್ದಾಗಲೂ ಅವನು ತಡವರಿಸಿಯಾನು. ಈಗ ನಡೆಯುತ್ತಿರುವುದು ಪುನರ್ವಸುವೋ ಪುಷ್ಯವೋ, ಯಾವ ಮಳೆಯೆಂದು ಕೇಳಿದರೆ ಅವನ ಸ್ಥಿತಿಯು ನಿಜವಾಗಿ ತಿಳಿಯುವುದು. ಜೀವಮಾನವೆಲ್ಲ ಅಡಕೆ ಮಾರಿದವನು ಬೆಟ್ಟೆಗೂ ಗೊರಬಲಿಗೂ ವ್ಯತ್ಯಾಸ ಕಾಣದಾದನೆಂದು ಮಗನು ಹೇಳಿದರೆ, ತಂಬುಳಿಗೆ ಅತ್ತೆಯವರು ಎರಡೆರಡು ಸಲ ಉಪ್ಪು ಹಾಕುತ್ತಿದ್ದಾರೆಂದು ಸೊಸೆಯು ಹೇಳಿದರೆ, ಆ ಮಾತು ಹಿಪೊಕ್ಯಾಂಪಸ್ಸಿನ ಅಂಕಕ್ಕಿಂತ ಕಡಿಮೆಯ ಸಾಕ್ಷ್ಯವಲ್ಲ. ಸೊರಬ ಸಾಗರಗಳಲ್ಲಿ ಗಂಧದ ಮರದ ಕೆತ್ತನೆಯನ್ನು ಕುಲವಿದ್ಯೆಯಾಗಿ ಉಳಿಸಿಕೊಂಡು ಬಂದ ಗುಡಿಗಾರರಂಥ ಕುಶಲಿಗಳಲ್ಲಿ, ಮಾತು ತಪ್ಪಿದ ಮೇಲೂ ಕೈಯ ಅಭ್ಯಾಸವು ಬಹುಕಾಲ ನಿಲ್ಲಬಹುದು, ಏಕೆಂದರೆ ಅಭ್ಯಾಸದ ಸ್ಮೃತಿಯ ನೆಲೆಯು ಮೆದುಳಿನಲ್ಲಿ ಬೇರೆ. ಕೈ ನಡೆಯುತ್ತಿದೆಯೆಂದು ರೋಗವಿಲ್ಲವೆನ್ನುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹಿಂದಿ, ಬಂಗಾಳಿ, ತೆಲುಗು, ಮಲಯಾಳಗಳೊಡನೆ ಕನ್ನಡದಲ್ಲಿಯೂ ಸ್ಮೃತಿಪರೀಕ್ಷೆಗಳ ಸಮುಚ್ಚಯವೊಂದನ್ನು ಸಿದ್ಧಪಡಿಸಿರುವುದು ಈ ದಿಕ್ಕಿನಲ್ಲಿ ಆಗಿರುವ ಮಹದುಪಕಾರ. ನಿಮ್ಹಾನ್ಸಿನಲ್ಲಿ ಎಸ್. ಕೆ. ಶಂಕರ್ ಅವರು 1995ರಲ್ಲಿ ಆರಂಭಿಸಿದ ಮೆದುಳಿನ ಸಂಗ್ರಹಾಲಯವು, ಜೀವಿತಕಾಲದ ಚಿತ್ರವನ್ನೂ ಮರಣಾನಂತರದ ಮೆದುಳನ್ನೂ ಒಟ್ಟಿಗಿಟ್ಟು ನೋಡುವ ಅವಕಾಶವನ್ನು ನಮ್ಮ ನಾಡಿನಲ್ಲಿಯೇ ಕಲ್ಪಿಸಿತು.

ದೇಶದಲ್ಲಿ ಅರವತ್ತು ಮೀರಿದವರ ಪೈಕಿ ಶೇಕಡ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನರು ಮರೆವಿನ ವ್ಯಾಧಿಗೆ ಒಳಗಾಗಿರುವರೆಂದೂ ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಅದರ ಪ್ರಮಾಣವು ಅಧಿಕವೆಂದೂ 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪ್ತಿಯ ಅಧ್ಯಯನವು ಅಂದಾಜು ಮಾಡಿದೆ. 2022ರಲ್ಲಿ ರಾಜ್ಯ ಸರ್ಕಾರವು ನಿಮ್ಹಾನ್ಸಿನೊಡಗೂಡಿ ಮೆದುಳಿನ ಆರೋಗ್ಯದ ಯೋಜನೆಯೊಂದನ್ನು ಮೊದಲು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರುಗಳಲ್ಲಿ ಆರಂಭಿಸಿ, ತಾಲ್ಲೂಕು ಮಟ್ಟದ ವೈದ್ಯರಿಗೆ ಈ ರೋಗಗಳನ್ನು ಗುರುತಿಸುವ ಶಿಕ್ಷಣವನ್ನು ಕೊಡತೊಡಗಿತು. ಇದಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದಿರುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಅಧ್ಯಯನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರವು, ಆ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ವರ್ಷ ದಾಟಿದ ಹತ್ತು ಸಾವಿರ ಜನರನ್ನು ಬಹುವರ್ಷಗಳ ಕಾಲ ಹಿಂಬಾಲಿಸಿ, ರೋಗವಿಲ್ಲದವರ ಮೆದುಳಿನ ಚಿತ್ರವನ್ನೂ ರಕ್ತವನ್ನೂ ಸ್ಮೃತಿಯ ಪರೀಕ್ಷೆಯನ್ನೂ ಕಾಲಕಾಲಕ್ಕೆ ಸಂಗ್ರಹಿಸುವ ಸಂಕಲ್ಪವನ್ನು ಮಾಡಿದೆ. ರೋಗವಿಲ್ಲದವರ ಚಿತ್ರವೇತಕ್ಕೆಂದು ಕೇಳುವವರಿಗೆ ಉತ್ತರವು ಸರಳ: ಯೂರೋಪು ಅಮೆರಿಕಗಳ ವೃದ್ಧರ ಮೆದುಳಿನ ಅಳತೆಗಳನ್ನು ಮಾನದಂಡವಾಗಿಟ್ಟುಕೊಂಡು ನಮ್ಮವರ ಕುಗ್ಗುವಿಕೆಯನ್ನು ತೂಗುವುದು ನ್ಯಾಯವಲ್ಲ. ಬಯಲುಸೀಮೆಯ ರಾಗಿಯ ಊಟದ ಜನರ ಪ್ರಮಾಣವು ಮಲೆನಾಡಿನ ಅಕ್ಕಿಯ ಊಟದ, ಇಂದಿಗೂ ಮಂಗನ ಕಾಯಿಲೆಯ ಭಯದಲ್ಲಿ ಕಾಡಿಗೆ ಹೋಗಿಬರುವ ಜನರಿಗೆ ಹಾಗೆಯೇ ಒಪ್ಪುವುದೆಂದು ನಂಬುವುದಕ್ಕೂ ಆಧಾರ ಬೇಕು. ಆದಕಾರಣ ಅಂಥ ಅಧ್ಯಯನವೊಂದು ಶಿಕಾರಿಪುರ–ಸೊರಬಗಳಲ್ಲಿಯೂ ನಡೆಯಬೇಕೆಂದು ನಾನು ಬಯಸುತ್ತೇನೆ. ಹಳ್ಳಿಗಳ ಆಶಾ ಕಾರ್ಯಕರ್ತೆಯರು ಮನೆಮನೆಯ ಹಿರಿಯರ ಹೆಸರನ್ನು ಬರೆದುಕೊಂಡು, ಶಿವಮೊಗ್ಗದ ವೈದ್ಯಕೀಯ ಕಾಲೇಜಿನ ಯಂತ್ರದಲ್ಲಿ ವರ್ಷಕ್ಕಿಷ್ಟು ಮಂದಿ ಆರೋಗ್ಯವಂತ ವೃದ್ಧರ ಚಿತ್ರಗಳು ಸಂಗ್ರಹವಾಗುತ್ತ ಬಂದರೆ, ಸೊರಬದ ಎಂಬತ್ತರ ಅಜ್ಜನೊಬ್ಬನ ಮೆದುಳಿನಲ್ಲಿ ಯಾವುದು ವಯಸ್ಸಿನ ಕೆಲಸ, ಯಾವುದು ರೋಗದ ಕೆಲಸವೆಂಬುದನ್ನು ಅವನ ನೆರೆಹೊರೆಯವರ ಮೆದುಳನ್ನೇ ಪಕ್ಕದಲ್ಲಿಟ್ಟು ಹೇಳುವುದು ವೈದ್ಯರಿಗೆ ಸಾಧ್ಯವಾಗುವುದು.